ಅಮ್ಮನ ಬೆನ್ನಿನ ಹುಣ್ಣಿಗೆ ಯಾರು ಹೊಣೆ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಊರಿಗೆ ಹೋದರೂ ಇಂಥ ಒಂದು ಮನೆ ಸಿಗುತ್ತದೆ. ಎಂಬತ್ತರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಮಗ ಬೆಂಗಳೂರಿನಲ್ಲಿ ಹೋಟೆಲು ನಡೆಸುತ್ತಾನೆ, ಮಗಳು ಮುಂಬಯಿಯಲ್ಲೋ ದುಬೈಯಲ್ಲೋ ಇರುತ್ತಾಳೆ. ಆಪರೇಶನ್ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಅಮ್ಮ ಮನೆಗೆ ಬರುತ್ತಾರೆ. ಹದಿನೈದು ದಿನ ಕಳೆಯುವುದರೊಳಗೆ ಬೆನ್ನ ಕೆಳಗೆ ಅಂಗೈ ಅಗಲದ ಹುಣ್ಣು.

ಈಗ ಎಲ್ಲರನ್ನೂ ಕೇಳಿ ನೋಡಿ. ಡಾಕ್ಟರ್ ಹೇಳುತ್ತಾರೆ: ಆಪರೇಶನ್ ಗಾಯ ಒಣಗಿದೆಯಲ್ಲ. ವಾರ್ಡಿನ ಸಿಸ್ಟರ್ ಹೇಳುತ್ತಾರೆ: ಹೋಗುವಾಗ ಮನೆಯವರಿಗೆ ಹೇಳಿದ್ದೆವಲ್ಲ. ಹೋಂ ನರ್ಸ್ ಹುಡುಗಿ ಹೇಳುತ್ತಾಳೆ: ನನ್ಗೆ ಯಾರೂ ಹೇಳ್ಲಿಲ್ಲ ಮಾರಾಯ್ರೆ. ಮಗ ಫೋನಿನಲ್ಲಿ ಹೇಳುತ್ತಾನೆ: ತಿಂಗಳು ತಿಂಗಳು ದುಡ್ಡು ಹಾಕ್ತಿದ್ದೆನಲ್ಲ.

ನಾಲ್ವರೂ ಹೇಳುವುದು ಸುಳ್ಳಲ್ಲ. ಆದರೂ ಹುಣ್ಣು ಆಯಿತು. ನಾಲ್ವರೂ ಅವರವರ ಕೆಲಸ ಮಾಡಿದರು, ನಾಲ್ವರ ಕೆಲಸವನ್ನು ಒಂದಕ್ಕೊಂದು ಜೋಡಿಸುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ, ಮನೆಗಳಲ್ಲಿ ಹಿರಿಯರು ನರಳುವುದು ಬರೀ ಔಷಧಿಯ ಕೊರತೆಯಿಂದ ಅಲ್ಲ. ಈ ಜೋಡಣೆಯ ಕೊರತೆಯಿಂದ. ಇದನ್ನು ವಿಧಿ, ವಯಸ್ಸು ಎಂದು ಹೇಳಿ ಮುಚ್ಚಿಡುವುದನ್ನು ನಾವು ನಿಲ್ಲಿಸಬೇಕು.

ಹಳದಿಪುರದ ಹೆಣ್ಣುಮಗಳು

ಮಲಗಿದವರಿಗೆ ಹುಣ್ಣು ಆಗಿಯೇ ಆಗುತ್ತದೆ ಎನ್ನುವವರು ಅರುಣಾ ಶಾನಭಾಗ್ ಅವರನ್ನು ನೆನಪಿಸಿಕೊಳ್ಳಲಿ. ಹೊನ್ನಾವರದ ಹಳದಿಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ವಾರ್ಡ್ ಬಾಯ್ ಒಬ್ಬ ಅವರ ಮೇಲೆ ದಾಳಿ ಮಾಡಿದ. ಮೆದುಳಿಗೆ ಪೆಟ್ಟಾಗಿ ಮತ್ತೆ ಅವರು ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಅಂದರೆ 41 ವರ್ಷಕ್ಕೂ ಹೆಚ್ಚು ಕಾಲ, ಅವರನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ನರ್ಸ್‌ಗಳು. ಒಂದು ತಲೆಮಾರು ನಿವೃತ್ತಿಯಾಯಿತು, ಮುಂದಿನದು ಬಂತು, ಆರೈಕೆ ನಿಲ್ಲಲಿಲ್ಲ. ಎಂಬತ್ತರ ದಶಕದಲ್ಲಿ ಅವರನ್ನು ಬೇರೆಡೆಗೆ ಸಾಗಿಸಿ ಹಾಸಿಗೆ ಖಾಲಿ ಮಾಡಿಸಲು ಹೊರಟಾಗ ನರ್ಸ್‌ಗಳೇ ಪ್ರತಿಭಟಿಸಿ ತಡೆದರು. ಇಷ್ಟು ವರ್ಷ ಮಲಗಿದ್ದರೂ ಹಾಸಿಗೆ ಹುಣ್ಣು ಆಗಿಲ್ಲ ಎಂದು ಆಸ್ಪತ್ರೆಯವರು ಸುಪ್ರೀಂ ಕೋರ್ಟಿಗೆ ತಿಳಿಸಿದ್ದರು. 2011ರ ತೀರ್ಪಿನಲ್ಲಿ ನ್ಯಾಯಾಲಯ ಆ ಸೇವೆಯನ್ನು ಮನಸಾರೆ ಹೊಗಳಿತು.

ಅಲ್ಲಿ ಇದ್ದದ್ದು ಪವಾಡವಲ್ಲ. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಊಟ ಮಾಡಿಸುವುದು, ಮತ್ತು ಮುಂದಿನ ಪಾಳಿಯವರಿಗೆ ತಪ್ಪದೆ ಒಪ್ಪಿಸಿ ಹೋಗುವುದು. ನಲವತ್ತೊಂದು ವರ್ಷ ಸಾಧ್ಯವಾದದ್ದು ನಮ್ಮಲ್ಲಿ ನಲವತ್ತು ದಿನಕ್ಕೆ ಯಾಕೆ ಆಗುವುದಿಲ್ಲ?

ಲೆಕ್ಕ ಮಾಡಿ ನೋಡಿ

ಮೊದಲ ಕಾರಣ, ತಲೆ ಎಣಿಕೆ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದ ಪ್ರಕಾರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗೆ 1 ನರ್ಸ್, ಬೇರೆ ಆಸ್ಪತ್ರೆಗಳಲ್ಲಿ 5 ರೋಗಿಗೆ 1 ನರ್ಸ್ ಇರಬೇಕು. ಕೇಳಲು ಚೆಂದ. ಆದರೆ ಇದು ಒಟ್ಟು ನರ್ಸ್‌ಗಳ ಲೆಕ್ಕ. ಮೂರು ಪಾಳಿಗೆ ಹಂಚಿದರೆ ಒಬ್ಬ ನರ್ಸ್‌ಗೆ 9 ಅಥವಾ 15 ರೋಗಿಗಳು ಬೀಳುತ್ತಾರೆ. ಮಾನದಂಡ ಪೂರ್ತಿ ಪಾಲಿಸಿದರೂ ಇಷ್ಟು. ಪಾಲಿಸದಿದ್ದರೆ ಎಷ್ಟು ಎಂದು ರಾತ್ರಿ ಡ್ಯೂಟಿಯ ವಾರ್ಡಿಗೆ ಹೋಗಿ ನೀವೇ ಎಣಿಸಿ.

15 ರೋಗಿಗಳಲ್ಲಿ 5 ಮಂದಿ ಮಲಗಿದಲ್ಲೇ ಇರುವವರು ಎಂದಿಟ್ಟುಕೊಳ್ಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಂಟು ಗಂಟೆಯ ಪಾಳಿಯಲ್ಲಿ ಒಬ್ಬರಿಗೆ 4 ಸಲ, ಐವರಿಗೆ 20 ಸಲ. ಒಂದು ಸಲಕ್ಕೆ 10 ನಿಮಿಷವೆಂದರೂ ಮೂರು ಗಂಟೆ ಇಪ್ಪತ್ತು ನಿಮಿಷ. ಅದಕ್ಕೂ ಇಬ್ಬರು ಬೇಕು. ಉಳಿದ ಹತ್ತು ಮಂದಿಯ ಇಂಜೆಕ್ಷನ್, ಡ್ರಿಪ್, ಬಿಪಿ, ಬರವಣಿಗೆ ಯಾರು ಮಾಡಬೇಕು? ಸಿಸ್ಟರ್ ಸಿಡುಕುತ್ತಾರೆ ಎಂದು ನಾವು ದೂರುತ್ತೇವೆ. ಆ ಪಾಳಿಯಲ್ಲಿ ನಾವು ನಿಂತರೆ ಒಂದು ಗಂಟೆಗೇ ಸಿಡುಕುತ್ತೇವೆ.

ಇದು ಬರೀ ಕಷ್ಟಸುಖದ ಮಾತಲ್ಲ, ಜೀವದ ಪ್ರಶ್ನೆ. ಲಿಂಡಾ ಐಕನ್ ಎಂಬ ಸಂಶೋಧಕಿ, ಅವರೂ ನರ್ಸ್, 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ಲೆಕ್ಕ ಹಾಕಿ ತೋರಿಸಿದರು: ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಪರೇಶನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ. 2014ರಲ್ಲಿ ಯುರೋಪಿನ 9 ದೇಶಗಳ ಅಧ್ಯಯನದಲ್ಲೂ ಅದೇ ಶೇ. 7 ಬಂತು. ಅಂದರೆ ನರ್ಸ್ ಹುದ್ದೆ ಖಾಲಿ ಬಿಡುವುದು ಆಫೀಸಿನ ಕುರ್ಚಿ ಖಾಲಿ ಬಿಟ್ಟ ಹಾಗಲ್ಲ.

ದುಡ್ಡೆಲ್ಲಿದೆ ಎನ್ನುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ ಕಾನೂನು ಮಾಡಿ ಹಗಲು ಪಾಳಿಗೆ 4 ರೋಗಿಗೆ 1, ರಾತ್ರಿಗೆ 7 ರೋಗಿಗೆ 1 ನರ್ಸ್ ಎಂದಿತು. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸಾವು ಕಡಿಮೆಯಾಯಿತು, ರೋಗಿಗಳು ಬೇಗ ಮನೆಗೆ ಹೋದರು, ಮತ್ತೆ ಮತ್ತೆ ದಾಖಲಾಗುವುದು ತಗ್ಗಿತು. ಹೆಚ್ಚುವರಿ ನರ್ಸ್‌ಗಳಿಗೆ ಖರ್ಚಾದದ್ದಕ್ಕಿಂತ ಉಳಿತಾಯವಾದದ್ದೇ ಎರಡು ಪಟ್ಟು. ನರ್ಸ್ ಇಲ್ಲದೆ ಉಳಿಸಿದ ದುಡ್ಡನ್ನು ನಾವು ಹುಣ್ಣಿಗೆ, ನಂಜಿಗೆ, ಮರುದಾಖಲಾತಿಗೆ ಕೊಡುತ್ತಿದ್ದೇವೆ ಅಷ್ಟೆ.

ಸಂಬಳದ ಕತೆಯೂ ಇದೇ. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ರಚಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತು. 200 ಹಾಸಿಗೆ ದಾಟಿದರೆ ಸರ್ಕಾರಿ ಸಂಬಳಕ್ಕೆ ಸಮ. ಕೇರಳದ ನರ್ಸ್‌ಗಳು ಬೀದಿಗಿಳಿದರು, 2018ರಲ್ಲಿ ಅಲ್ಲಿನ ಸರ್ಕಾರ ಕನಿಷ್ಠ ವೇತನ ಏರಿಸಿತು. ನಮ್ಮೂರಿನ ಖಾಸಗಿ ಆಸ್ಪತ್ರೆಯಲ್ಲಿ ದುಡಿಯುವ ನಿಮ್ಮ ಮನೆಯ, ಪಕ್ಕದ ಮನೆಯ ಹುಡುಗಿಗೆ ಎಷ್ಟು ಬರುತ್ತದೆ ಎಂದು ಕೇಳಿ ನೋಡಿ. ಆಮೇಲೆ ಅವಳು ಯಾಕೆ ಗಲ್ಫಿಗೆ ಹಾರಿದಳು ಎಂದು ಕೇಳಬೇಕಾಗುವುದಿಲ್ಲ.

ಬಲೆ ಎಳೆಯುವುದು ಒಬ್ಬರಿಂದ ಆಗುವುದಿಲ್ಲ

ಎರಡನೆಯ ಕಾರಣ, ಮೇಲು ಕೀಳು. ಕೈರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಎರಡೂ ಕಡೆಯ ಹಗ್ಗವನ್ನು ಹತ್ತಾರು ಮಂದಿ ಒಂದೇ ಲಯದಲ್ಲಿ ಎಳೆಯಬೇಕು. ಒಂದು ಕಡೆಯವರು ಕೈಬಿಟ್ಟರೆ ಮೀನು ಹೋಯಿತು. ಬಲೆ ಸಿಕ್ಕಿಕೊಂಡದ್ದನ್ನು ಮೊದಲು ಕಂಡವನು ಕೂಗಬೇಕು, ಅವನು ಯಾರೇ ಆಗಿರಲಿ.

ಆಸ್ಪತ್ರೆಯಲ್ಲಿ ಮೊದಲು ಕಾಣುವವರು ನರ್ಸ್. ಡಾಕ್ಟರ್ ರೌಂಡ್ಸಿಗೆ ಬಂದು ಒಂದು ಹಾಸಿಗೆಯ ಬಳಿ ನಿಲ್ಲುವುದು ಕೆಲವೇ ನಿಮಿಷ. ನರ್ಸ್ ಇರುವುದು ಎಂಟು ಗಂಟೆ. ಅಜ್ಜನ ಉಸಿರು ನಿನ್ನೆಗಿಂತ ಬೇರೆಯಾಗಿದೆ, ಅಮ್ಮ ಊಟ ಬಿಟ್ಟಿದ್ದಾರೆ, ಹಿಮ್ಮಡಿ ಕೆಂಪಾಗಿದೆ ಎಂದು ತಿಳಿಯುವುದು ಅವರಿಗೆ. ಆದರೆ ಅವರ ಮಾತಿಗೆ ಎಷ್ಟು ಕಡೆ ಬೆಲೆ ಇದೆ? ‘ಹೇಳಿದಷ್ಟು ಮಾಡಿ’ ಎಂದು ಒಮ್ಮೆ ಬೈಸಿಕೊಂಡ ನರ್ಸ್ ಎರಡನೆಯ ಸಲ ಬಾಯಿ ತೆರೆಯುವುದಿಲ್ಲ. ಅವಮಾನ ಅವರಿಗೆ, ನಷ್ಟ ರೋಗಿಗೆ.

ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟನ್ನು ದೆಹಲಿ ಸೇರಿ 8 ನಗರಗಳಲ್ಲಿ ಪರೀಕ್ಷಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದು ಪುಟದ ಹಾಳೆ. ಅದರಲ್ಲೊಂದು ಅಂಶ, ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳುವುದು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಹೊಸ ಯಂತ್ರ ತರಲಿಲ್ಲ, ಹೊಸ ಔಷಧಿ ಕೊಡಲಿಲ್ಲ. ಪರಸ್ಪರ ಮಾತಾಡಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಖಚಿತ ಮಾಡಿಕೊಂಡರು.

ಇದರಲ್ಲಿ ನಮ್ಮ ಪಾಲೂ ಇದೆ. ಡಾಕ್ಟರ್ ಎದುರು ಕೈಮುಗಿದು ನಿಲ್ಲುವ ನಾವು, ಅವರು ಆಚೆ ಹೋದ ಕೂಡಲೇ ಸಿಸ್ಟರ್ ಮೇಲೆ ರೇಗುತ್ತೇವೆ. ಸ್ಕ್ಯಾನಿಂಗಿಗೆ ಸಾವಿರಗಟ್ಟಲೆ ಮರುಮಾತಿಲ್ಲದೆ ಕೊಡುತ್ತೇವೆ, ಹೋಂ ನರ್ಸ್ ಸಂಬಳಕ್ಕೆ ಐನೂರು ರೂಪಾಯಿ ಚೌಕಾಸಿ ಮಾಡುತ್ತೇವೆ.

ಸಂಶೋಧನೆ ಬೀರುವಿನಲ್ಲಿ, ಹುಣ್ಣು ಬೆನ್ನಿನಲ್ಲಿ

ಇನ್ನು ನಮ್ಮ ನರ್ಸಿಂಗ್ ಕಾಲೇಜುಗಳ ವಿಚಾರ. ವಿದ್ಯೆಗೆ ಇಲ್ಲಿ ಬರವಿಲ್ಲ. ಮಣಿಪಾಲದಲ್ಲಿ 1953ರಲ್ಲೇ ಮೆಡಿಕಲ್ ಕಾಲೇಜು ಬಂದ ಜಿಲ್ಲೆ ಇದು. ಬಿಎಸ್‌ಸಿ ನರ್ಸಿಂಗಿಗೆ ಸಂಶೋಧನೆ ಒಂದು ಪಠ್ಯ, ಎಂಎಸ್‌ಸಿಗೆ ಪ್ರಬಂಧ ಕಡ್ಡಾಯ. ಸಮವಸ್ತ್ರದ ಹುಡುಗಿಯರು ಪ್ರಶ್ನೆಪಟ್ಟಿ ಹಿಡಿದು ಹಳ್ಳಿಗೆ ಬರುವುದನ್ನು ನೀವೂ ನೋಡಿರಬಹುದು. ಸಕ್ಕರೆ ಕಾಯಿಲೆ ಬಗ್ಗೆ ಏನು ಗೊತ್ತು, ಪಾರ್ಶ್ವವಾಯು ಬಗ್ಗೆ ಏನು ಗೊತ್ತು ಎಂದು ಕೇಳುತ್ತಾರೆ, ಪಾಠ ಹೇಳುತ್ತಾರೆ, ವಾರ ಬಿಟ್ಟು ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ‘ಜ್ಞಾನ ಹೆಚ್ಚಾಗಿದೆ’ ಎಂದು ಪ್ರಬಂಧ ಮುಗಿಯುತ್ತದೆ, ಬೈಂಡಿಂಗ್ ಆಗುತ್ತದೆ, ಲೈಬ್ರರಿಯ ಬೀರು ಸೇರುತ್ತದೆ.

ಆ ಹುಡುಗಿಯರ ಶ್ರಮವನ್ನು ನಾನು ಹಗುರ ಮಾಡುತ್ತಿಲ್ಲ. ಅವರಿಗೆ ಆ ದಾರಿ ತೋರಿಸಿದವರನ್ನು ಕೇಳುತ್ತಿದ್ದೇನೆ. ಪಾಠ ಹೇಳಿದರೆ ಪಾಠ ಗೊತ್ತಾಗುತ್ತದೆ ಎಂದು ಎಷ್ಟು ಸಲ ಸಾಬೀತು ಮಾಡುತ್ತೀರಿ? ಆರು ತಿಂಗಳ ನಂತರ ಆ ಊರಿನಲ್ಲಿ ಹಾಸಿಗೆ ಹುಣ್ಣು ಕಡಿಮೆಯಾಯಿತೇ, ಬಿದ್ದು ಮೂಳೆ ಮುರಿದವರು ಕಡಿಮೆಯಾದರೇ, ಬಿಪಿ ಮಾತ್ರೆ ಬಿಟ್ಟವರು ಮತ್ತೆ ಶುರು ಮಾಡಿದರೇ ಎಂದು ಯಾಕೆ ಅಳೆಯುವುದಿಲ್ಲ? ಉತ್ತರ ಕೊಟ್ಟ ಊರಿಗೆ ಫಲಿತಾಂಶವನ್ನು ಕನ್ನಡದಲ್ಲಿ ಒಂದು ಪುಟ ಬರೆದು ಕೊಡಲು ಏನು ಅಡ್ಡಿ?

ನರ್ಸಿಂಗ್ ಸಂಶೋಧನೆ ಏನು ಮಾಡಬಲ್ಲದು ಎಂಬುದಕ್ಕೆ ಬ್ರೇಡನ್ ಮಾಪಕವೇ ಸಾಕ್ಷಿ. 1987ರಲ್ಲಿ ಬಾರ್ಬರಾ ಬ್ರೇಡನ್, ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ನರ್ಸ್‌ಗಳು ಪ್ರಕಟಿಸಿದ್ದು. ನೋವು ಒತ್ತು ತಿಳಿಯುತ್ತದೆಯೇ, ಮೈ ಎಷ್ಟು ಹೊತ್ತು ಒದ್ದೆ, ಎಷ್ಟು ಓಡಾಟ, ತಾನೇ ಮಗ್ಗುಲು ಬದಲಿಸಬಲ್ಲರೇ, ಊಟ ಹೇಗೆ, ಎಳೆಯುವಾಗ ಚರ್ಮ ಉಜ್ಜುತ್ತದೆಯೇ: ಈ ಆರು ಅಂಶಕ್ಕೆ ಅಂಕ. 6ರಿಂದ 23ರವರೆಗೆ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಾಗುವ ಅಪಾಯವಿದೆ ಎಂದರ್ಥ. ಜಗತ್ತಿನ ಎಷ್ಟೋ ಆಸ್ಪತ್ರೆಗಳು ಬಳಸುವ ಈ ಹಾಳೆಗೆ ಕರೆಂಟೂ ಬೇಡ, ಯಂತ್ರವೂ ಬೇಡ.

ಇಸ್ರೇಲಿನ ಅಜ್ಜನಿಗೆ ಇರುವುದು ನಮ್ಮಜ್ಜನಿಗೆ ಬೇಡವೇ?

ನಮ್ಮ ಕರಾವಳಿಯ ಎಷ್ಟೋ ಮಂದಿ ಇಸ್ರೇಲಿಗೆ ಹೋಗಿ ಅಲ್ಲಿನ ಹಿರಿಯರನ್ನು ನೋಡಿಕೊಳ್ಳುತ್ತಾರೆ. ಅಲ್ಲಿ 1988ರಿಂದಲೇ ಹಿರಿಯರ ಮನೆ ಆರೈಕೆಗೆ ವಿಮೆ ಇದೆ. ಆಸ್ಟ್ರೇಲಿಯಾದಲ್ಲಿ ವೃದ್ಧಾಶ್ರಮಗಳ ದುಃಸ್ಥಿತಿ ಬಯಲಾಗಿ ವಿಚಾರಣಾ ಆಯೋಗ ಕೂತು 2021ರಲ್ಲಿ ವರದಿ ಕೊಟ್ಟಿತು. 2023ರ ಜುಲೈಯಿಂದ ಅಲ್ಲಿನ ವೃದ್ಧಾಶ್ರಮಗಳಲ್ಲಿ ದಿನದ 24 ಗಂಟೆಯೂ ನೋಂದಾಯಿತ ನರ್ಸ್ ಇರಬೇಕು.

ನಮ್ಮಲ್ಲಿ? ಪೇಪರಿನಲ್ಲಿ ‘ಹೋಂ ನರ್ಸ್ ಬೇಕಾಗಿದ್ದಾರೆ, ಅನುಭವ ಬೇಡ’ ಎಂಬ ಜಾಹೀರಾತು. ಮನೆಯ ಕಷ್ಟಕ್ಕೆ ಹೊರಟ ಹುಡುಗಿಯನ್ನು ಒಂದು ವಾರದ ತರಬೇತಿಯೂ ಇಲ್ಲದೆ ಮೂತ್ರದ ಟ್ಯೂಬು, ಮೂಗಿನ ಟ್ಯೂಬು ಇರುವ ರೋಗಿಯ ಬಳಿ ಬಿಡುತ್ತಾರೆ. ಏಜೆನ್ಸಿಗೆ ಕಮಿಷನ್, ಅವಳಿಗೆ 24 ಗಂಟೆ ಡ್ಯೂಟಿ. ಹುಣ್ಣಾದರೆ ಬೈಗುಳವೂ ಅವಳಿಗೇ. ಅವಳನ್ನು ನರ್ಸ್ ಎಂದು ಕರೆಯುವುದು ಓದಿ ಬಂದ ನರ್ಸ್‌ಗೂ ಅನ್ಯಾಯ, ಅವಳಿಗೂ ಅನ್ಯಾಯ.

ಏನು ಮಾಡಬೇಕು?

ಒಂದು. ಮಲಗಿದ ರೋಗಿಯನ್ನು ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಸಮ್ಮರಿಯ ಜೊತೆ ಕನ್ನಡದಲ್ಲಿ ಒಂದು ಪುಟದ ಆರೈಕೆ ಹಾಳೆ ಕೊಡಬೇಕು. ಮಗ್ಗುಲು ಬದಲಿಸುವ ಹೊತ್ತು, ಟ್ಯೂಬು ಬದಲಿಸುವ ದಿನ, ಯಾವ ಲಕ್ಷಣ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂದು ಅದರಲ್ಲಿರಬೇಕು. ವಾರ್ಡಿನ ನರ್ಸ್ ಅದನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೇ ಹೇಳಿ, ಮಾಡಿಸಿ ತೋರಿಸಬೇಕು.

ಎರಡು. ಅದರ ಪ್ರತಿ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದ ಸಿಎಚ್‌ಒಗೆ ಹೋಗಬೇಕು. ಹಿರಿಯರ ಆರೈಕೆ ಅವರ ಕೆಲಸದ ಪಟ್ಟಿಯಲ್ಲೇ ಇದೆ. ಮೊದಲ ವಾರದಲ್ಲೇ ಅವರೋ ಆಶಾ ಕಾರ್ಯಕರ್ತೆಯೋ ಮನೆಗೆ ಬರುವಂತಾಗಬೇಕು. ಆಶಾ ಕಾರ್ಯಕರ್ತೆಗೆ ಆ ಭೇಟಿಯ ಹಣವೂ ಸಿಗಬೇಕು.

ಮೂರು. ಪ್ರತಿ ವಾರ್ಡಿನ ಬಾಗಿಲಲ್ಲಿ ಬೋರ್ಡ್ ಹಾಕಲಿ: ಈ ಪಾಳಿಯಲ್ಲಿ ಇಷ್ಟು ರೋಗಿ, ಇಷ್ಟು ನರ್ಸ್.

ನಾಲ್ಕು. ನಮ್ಮ ಊರಲ್ಲಿ ಸಂಶೋಧನೆ ಮಾಡಿದ ಕಾಲೇಜು ಅದರ ಫಲಿತಾಂಶವನ್ನು ಪಂಚಾಯಿತಿಗೆ ಕನ್ನಡದಲ್ಲಿ ಕೊಡಲಿ.

ಐದು. ಹೋಂ ನರ್ಸ್ ಏಜೆನ್ಸಿಗಳಿಗೆ ನೋಂದಣಿ, ಕೆಲಸಕ್ಕೆ ಮೊದಲು ತರಬೇತಿ, ವಾರಕ್ಕೊಂದು ರಜೆ ಕಡ್ಡಾಯವಾಗಲಿ.

ಇವುಗಳಲ್ಲಿ ಮೊದಲ ಮೂರಕ್ಕೆ ಕಾನೂನು ಬದಲಿಸಬೇಕಿಲ್ಲ. ಕೇಳುವವರು ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ರಕ್ಷಾ ಸಮಿತಿ ಇದೆ, ಊರಿನಲ್ಲಿ ಗ್ರಾಮಸಭೆ ಇದೆ. ರಸ್ತೆ, ಚರಂಡಿ, ಬೀದಿ ದೀಪ ಕೇಳುವಲ್ಲಿ ಇದನ್ನೂ ಕೇಳಿ, ನಡಾವಳಿಯಲ್ಲಿ ಬರೆಸಿ. ಹಿರಿಯರಿಗೆ ತೊಂದರೆಯಾದರೆ 14567 ಸಹಾಯವಾಣಿ ಇದೆ, ಬರೆದಿಟ್ಟುಕೊಳ್ಳಿ.

ಅಷ್ಟರವರೆಗೆ ನಿಮ್ಮ ಮನೆಯಲ್ಲಿ ಮಲಗಿದ ಜೀವವೊಂದಿದ್ದರೆ ಒಂದು ನೋಟ್‌ಬುಕ್ ತಂದು ಹಾಸಿಗೆಯ ಪಕ್ಕ ಇಡಿ. ಯಾವ ಹೊತ್ತಿಗೆ ಯಾವ ಮಗ್ಗುಲು, ಏನು ಊಟ, ಯಾವ ಮಾತ್ರೆ, ಚರ್ಮ ಎಲ್ಲಾದರೂ ಕೆಂಪಾಗಿದೆಯೇ ಎಂದು ನೋಡಿಕೊಂಡವರು ಬರೆಯಲಿ. ಡಾಕ್ಟರ್, ಸಿಸ್ಟರ್, ಆಶಾ, ದೂರದಿಂದ ಬಂದ ಮಗ, ಎಲ್ಲರೂ ಅದನ್ನೇ ಓದಲಿ. ಒತ್ತಿದ ಜಾಗ ಕೆಂಪಾಗಿದ್ದು, ಅರ್ಧ ಗಂಟೆಯಾದರೂ ಕೆಂಪು ಇಳಿಯದಿದ್ದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ, ಅವತ್ತೇ ನರ್ಸ್‌ಗೆ ತೋರಿಸಿ.