ಅದರಾಗ ಹೆಂಗಸರಽ ಇಲ್ರಿ

ನಮ್ಮ ಕಡೆ ಡಿಜೆಗೆ ಡಾಲ್ಬಿ ಎನ್ನುತ್ತಾರೆ. ಗಣಪತಿ ಕಳಿಸುವ ದಿನ ದಿಗ್ಗೇವಾಡಿಯ ಓಣಿಯೊಳಗೆ ಟ್ರ್ಯಾಕ್ಟರಿನ ಮೇಲೆ ಆ ಡಾಲ್ಬಿ ಬಂತೆಂದರೆ ಅಡುಗೆಮನೆಯ ಡಬ್ಬಿಗಳು ತಮ್ಮಷ್ಟಕ್ಕೆ ತಾವೇ ಕುಣಿಯುತ್ತವೆ. ಅದರ ಮುಂದೆ ನಮ್ಮ ಹುಡುಗರು ಅಂಗಿ ಬಿಚ್ಚಿ ತಲೆಯ ಮೇಲೆ ತಿರುಗಿಸುತ್ತ ಕುಣಿಯುತ್ತಾರೆ. ಹಾಡಿನ ಮಾತು ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು, ಆದರೆ ಕೈಯಲ್ಲಿ ಆರತಿ ತಟ್ಟೆ ಇರುತ್ತದೆ. ಯಾರೂ ಏನೂ ಅನ್ನುವುದಿಲ್ಲ, ದೇವರ ಕೆಲಸ! ಇದಾಗಿ ನಾಲ್ಕು ತಿಂಗಳಿಗೆ ಶಾಲೆಯ ಗ್ಯಾದರಿಂಗ್ ಬರುತ್ತದೆ. ಆಗ ಅದೇ ಡಾಲ್ಬಿಗೆ ಪಟ್ಟಿ ಎತ್ತಿದ ಹಿರಿಯರೊಬ್ಬರು ಕಾರ್ಯಕ್ರಮದ ಯಾದಿಯ ಮೇಲೆ ಬೆರಳಿಟ್ಟು ಕೇಳುತ್ತಾರೆ: "ಹೆಣ್ಣುಹುಡುಗ್ಯಾರನ್ನ ಇಂಥಾ ಹಾಡಿಗೆ ಕುಣಸ್ತೀರೇನ್ರಿ, ಅಕ್ಕೋರ?"

ಈ ಪ್ರಶ್ನೆಗೆ ಬಹಳ ವರ್ಷ ನಾನು "ಇಲ್ರಿ, ತಗಸ್ತೇನ್ರಿ" ಎಂದೇ ಉತ್ತರ ಕೊಟ್ಟವಳು. ಈಗ ಹಾಗೆನ್ನುವುದಿಲ್ಲ. ಯಾಕೆ ಎಂಬುದನ್ನು ಹೇಳಬೇಕು. ಇಂಥ ಹಾಡುಗಳನ್ನು ಬಯ್ಯುವವರಲ್ಲಿ ಗಂಡಸರಿಗಿಂತ ನಾವು ಹೆಂಗಸರೇ, ಅದರಲ್ಲೂ ಟೀಚರುಗಳೇ, ಮುಂದಲ್ಲವೆ?

1999ರ ಗ್ಯಾದರಿಂಗಿಗೆ ಎಂಟನೆಯ ಇಯತ್ತೆಯ ನಾಲ್ವರು ಹುಡುಗಿಯರು ನನ್ನ ಬಳಿ ಬಂದರು. ದಲೇರ್ ಮೆಹಂದಿಯ 'ತುನಕ್ ತುನಕ್ ತುನ್' ಹಾಡು ಹಿಂದಿನ ವರ್ಷ, 1998ರಲ್ಲಿ, ಬಂದಿತ್ತು. ಕೇಬಲ್ ಇದ್ದ ಮನೆಗಳ ಕಿಟಕಿಯಿಂದ ಅದು ದಿನಕ್ಕೆ ಹತ್ತು ಸಲ ಕೇಳುತ್ತಿತ್ತು. ನಾಲ್ಕು ಬಣ್ಣದ ಬಟ್ಟೆ ಹಾಕಿಕೊಂಡು ಅದಕ್ಕೆ ಕುಣಿಯುತ್ತೇವೆ ಎಂದರು. ನಾನು ಆ ಹಾಡನ್ನು ಕಿವಿಯಿಂದ ಕೇಳಿದ್ದೆನೇ ಹೊರತು ಕಣ್ಣಿಂದ ನೋಡಿರಲಿಲ್ಲ. ಪಾಪ್ ಹಾಡೆಂದ ಮೇಲೆ ಅರೆಬಟ್ಟೆಯ ಹುಡುಗಿಯರು ಇರಲೇಬೇಕೆಂದು ನನಗೆ ಖಾತ್ರಿ. "ಅದರಾಗಿನ ಹೆಂಗಸರಂಗ ಕುಣಿಯೋದು ನಮ್ಮ ಸಾಲ್ಯಾಗ ನಡಿಯೂದಿಲ್ಲ" ಎಂದು ಗದರಿಸಿದೆ. ಅವರಲ್ಲೊಬ್ಬಳು, ಎಣ್ಣೆ ಹಚ್ಚಿ ಬಿಗಿದು ಎರಡು ಜಡೆ ಹಾಕಿಕೊಂಡ ಗಿಡ್ಡ ಹುಡುಗಿ, ನೆಲ ನೋಡುತ್ತಲೇ ಅಂದಳು: "ಅಕ್ಕೋರ, ಅದರಾಗ ಹೆಂಗಸರಽ ಇಲ್ರಿ. ಒಬ್ಬಾಂವಽ ನಾಕ ಮಂದಿ ಆಗಿ ಕುಣೀತಾನ್ರಿ."

ಎದುರು ಮಾತಾಡುತ್ತೀಯಾ ಎಂದು ಅವಳ ಕಿವಿ ಹಿಂಡಿದೆ. ಆ ವರ್ಷ ನಾಲ್ವರೂ ಸ್ವಾಗತಗೀತೆಯ ಸಾಲಿನಲ್ಲಿ ಕೈಮುಗಿದು ನಿಂತರು. ಗಿಡ್ಡ ಹುಡುಗಿ ಒಂಬತ್ತಕ್ಕೆ ಬರಲಿಲ್ಲ. ಹದಿನೇಳಕ್ಕೇ ಮದುವೆ ಮಾಡಿದರೆಂದು ಆಮೇಲೆ ಕೇಳಿದೆ. ನಾನು ಕುಣಿಯಗೊಡದಿದ್ದರಿಂದ ಹಾಗಾಯಿತು ಎನ್ನುತ್ತಿಲ್ಲ. ಆದರೆ ಶಾಲೆಯಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಆ ವಿಡಿಯೋವನ್ನು ನಾನು ನೋಡಿದ್ದು 2021ರಲ್ಲಿ, ಕೊರೊನಾ ಕಾಲದಲ್ಲಿ ಶಾಲೆಗೆ ಬೀಗ ಬಿದ್ದಾಗ, ತಂಗಿಯ ಮಗನ ಮೊಬೈಲಿನಲ್ಲಿ. ಹುಡುಗಿ ಹೇಳಿದ್ದು ಅಕ್ಷರಕ್ಷರ ನಿಜ. ಅದರಲ್ಲಿ ಒಬ್ಬ ಹೆಂಗಸೂ ಇಲ್ಲ. ಪಗಡಿ ಕಟ್ಟಿದ, ಉದ್ದ ಅಂಗಿ ತೊಟ್ಟ, ಮೈತುಂಬಿಕೊಂಡ ಒಬ್ಬನೇ ಗಂಡಸು ನಾಲ್ಕು ವೇಷದಲ್ಲಿ, ನಾಲ್ಕು ಬಣ್ಣದಲ್ಲಿ, ತನ್ನ ಜತೆ ತಾನೇ ನಿಂತು ಕೈ ಎತ್ತಿ ಕುಣಿಯುತ್ತಾನೆ. ನಾಲ್ಕು ಬಣ್ಣವೆಂದರೆ ಮಣ್ಣು, ನೀರು, ಬೆಂಕಿ, ಗಾಳಿಯಂತೆ. ಹಿಂದೆ ಕಂಪ್ಯೂಟರ್ ಬರೆದ ಬೆಟ್ಟ ಬಯಲು. ಮಕ್ಕಳು ಬಿಡಿಸಿದ ಚಿತ್ರದಂತೆ ಒರಟು ಒರಟು. ಮೊದಲು ನಗು ಬಂತು, ಆಮೇಲೆ ನಗು ನಿಂತಿತು.

ಯಾಕೆ ಹೆಂಗಸರಿಲ್ಲ ಎಂಬುದಕ್ಕೂ ಕಾರಣವಿದೆ. ಅವನ ಹಿಂದಿನ ಹಾಡುಗಳು ಗೆದ್ದದ್ದು ಅವುಗಳಲ್ಲಿ ಕುಣಿದ ಚೆಂದದ ಹುಡುಗಿಯರಿಂದ ಎಂದು ಟೀಕಿಸುವವರು ಆಡಿದ್ದರು. ಹಾಗಾದರೆ ನಾನೊಬ್ಬನೇ ಇರುತ್ತೇನೆ, ನೋಡುತ್ತೀರೋ ಇಲ್ಲವೋ ನೋಡೋಣ ಎಂದು ಮಾಡಿದ್ದು ಇದು. ನೋಡಿದರು! ಪಂಜಾಬಿ ಬಾರದ ದೇಶದವರೂ ನೋಡಿದರು. ಅಮೆರಿಕದ ಒಂದು ಕಂಪ್ಯೂಟರ್ ಆಟದೊಳಗಿನ ಕಲ್ಪನೆಯ ಗಂಡುಜೀವಿಗಳಿಗೆ ಇದೇ ಕುಣಿತವನ್ನು ಕಲಿಸಿಟ್ಟಿದ್ದಾರೆ. ಹೆಣ್ಣಿನ ಮೈ ತೋರಿಸದೆ ಹಾಡು ಮಾರಲು ಬರುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಎಲ್ಲಿದೆ? ಅಂಥ ಹಾಡನ್ನೇ ನಾನು "ಹೆಂಗಸರಂಗ" ಎಂದು ನಿಲ್ಲಿಸಿದ್ದೆ.

ಒಬ್ಬ ನಾಲ್ವರಾಗುವುದು ಹೇಗೆ? ಹಸಿರು ಪರದೆಯ ಮುಂದೆ ಕುಣಿಸುತ್ತಾರೆ. ಆ ಹಸಿರು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದನ್ನು ತೆಗೆದು ಬೇರೆ ಚಿತ್ರ ಕೂಡಿಸು ಎಂದು ಕಂಪ್ಯೂಟರಿಗೆ ಹೇಳುತ್ತಾರೆ. ನಮ್ಮ ದೇಶದ ಪಾಪ್ ವಿಡಿಯೋಗಳಲ್ಲಿ ಈ ಉಪಾಯ ಹಿಡಿದ ಮೊದಮೊದಲಿನವುಗಳಲ್ಲಿ ಇದೊಂದು. ಒಬ್ಬರನ್ನು ಹಲವರು ಮಾಡುವ ಆಸೆ ಮಾತ್ರ ಹೊಸದಲ್ಲ. ಸಿನಿಮಾ ಹುಟ್ಟಿ ಐದು ವರ್ಷಕ್ಕೆ, 1900ರಲ್ಲಿಯೇ, ಫ್ರಾನ್ಸಿನ ಮೆಲಿಯೆಸ್ ಎಂಬಾತ ತಾನೊಬ್ಬನೇ ಏಳು ಜನವಾಗಿ ವಾದ್ಯ ಬಾರಿಸುವ ಚಿತ್ರ ತೆಗೆದಿದ್ದ. ಆಗ ಕಂಪ್ಯೂಟರ್ ಎಲ್ಲಿತ್ತು? ಅದೇ ರೀಲನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿ ಅದರ ಮೇಲೆಯೇ ಚಿತ್ರ ಹಿಡಿಯುವುದು.

ತಂಗಿಯ ಮಗ ಇದನ್ನು ನಮ್ಮ ಪಡಸಾಲೆಯಲ್ಲಿಯೇ ಮಾಡಿ ತೋರಿಸಿದ. ನನ್ನ ಹಸಿರು ಸೀರೆಯನ್ನು ಗೋಡೆಗೆ ಬಿಗಿದು ಓಣಿಯ ಹುಡುಗಿಯೊಬ್ಬಳನ್ನು ಮುಂದೆ ನಿಲ್ಲಿಸಿದ. ಅವಳ ಜಡೆಗೆ ಹಸಿರು ರಿಬ್ಬನ್ ಇತ್ತು. ಮೊಬೈಲಿನಲ್ಲಿ ನೋಡಿದರೆ ಜಡೆಯ ತುದಿಯಲ್ಲಿ ಎರಡು ತೂತು, ತೂತಿನೊಳಗೆ ಹಿಮಾಲಯ! ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಸೀರೆಯಲ್ಲಿ ಒಂದು ನಿರಿಗೆ ಉಳಿದರೂ ಅಲ್ಲೊಂದು ಕಪ್ಪು ಗೆರೆ. ಆಮೇಲೆ ಕುಣಿತ. ಒಂದೇ ಹಾಡಿಗೆ ನಾಲ್ಕು ಸಲ ಕುಣಿಯಬೇಕು, ನಾಲ್ಕೂ ಸಲ ಕೈ ಅದೇ ಗಳಿಗೆಗೆ ಏಳಬೇಕು, ಪಕ್ಕದಲ್ಲಿ ಯಾರೂ ಇಲ್ಲದೆ ಯಾರೋ ಇದ್ದಂತೆ ಜಾಗ ಬಿಟ್ಟು ನಿಲ್ಲಬೇಕು. ಮಶೀನಿನ ತಾಳ ತಬಲಜಿಯ ಹಾಗೆ ಕುಣಿಯುವವಳ ಮುಖ ನೋಡಿ ಒಂದು ಕ್ಷಣ ತಡೆಯುವುದಿಲ್ಲ. ಹುಡುಗಿ ಮೂರು ಸಂಜೆ ಬೆವರು ಸುರಿಸಿದಳು. "ಅದರಾಗೇನೈತಿ, ಎಲ್ಲಾ ಕಂಪ್ಯೂಟರ್ ಕುಣಸತೈತಿ" ಎನ್ನುವವರು ಒಮ್ಮೆ ಬಂದು ಆ ಸೀರೆಯ ಮುಂದೆ ನಿಲ್ಲಲಿ.

ನಮ್ಮ ಮೈಸೂರಿನ ಪ್ರಭುದೇವ ಅವರನ್ನೇ ನೋಡಿರಿ. ತಂದೆ ಮೂಗೂರು ಸುಂದರ್; ಹೆಸರಿನಲ್ಲಿಯೇ ಊರಿದೆ. 1994ರ 'ಕಾದಲನ್' ಎಂಬ ತಮಿಳು ಚಿತ್ರದಲ್ಲಿ, ಎ.ಆರ್. ರೆಹಮಾನರ ಸಂಗೀತಕ್ಕೆ, 'ಮುಕಾಬಲಾ' ಹಾಡಿನಲ್ಲಿ ಅವರು ಕುಣಿಯುತ್ತ ಕುಣಿಯುತ್ತ ಮುಖ ಮಾಯವಾಗುತ್ತದೆ. ಮೈಯಿಲ್ಲ, ಬರಿಯ ಬಟ್ಟೆ, ಟೊಪ್ಪಿಗೆ ಕುಣಿಯುತ್ತವೆ. ಆ ಚಿತ್ರಕ್ಕೆ ಸ್ಪೆಷಲ್ ಎಫೆಕ್ಟಿನ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಮುಖ ಹೋದ ಮೇಲೂ ಅದು ಪ್ರಭುದೇವ ಎಂದು ಗೊತ್ತಾಗುತ್ತದೆ. ಭರತನಾಟ್ಯ ಕಲಿತ ಆ ಕಾಲಿಗೆ ಗುರುತು ಬೇರೆ ಬೇಕೆ? (ಅದೇ ಚಿತ್ರದ ಉಳಿದ ಹಾಡುಗಳನ್ನೆಲ್ಲ ನಾನು ಹೊಗಳುತ್ತೇನೆಂದು ತಿಳಿಯಬೇಡಿರಿ.)

ಹಾಗಾದರೆ ನಾನು ಬಯ್ಯುವುದು ಏನನ್ನೂ ಇಲ್ಲವೆ? ಇದೆ. ಕಬ್ಬನ್ನು ಗಣಿಕೆ ಗಣಿಕೆಯಾಗಿ ಕಡಿದ ಹಾಗೆ ಹೆಣ್ಣನ್ನು ಕಡಿದು ತೋರಿಸುವ ಹಾಡುಗಳಿವೆಯಲ್ಲ, ಅವನ್ನು. ನಡು ಒಂದು ತುಂಡು, ತುಟಿ ಒಂದು ತುಂಡು, ಬೆನ್ನು ಒಂದು ತುಂಡು. ಕಣ್ಣು ರೆಪ್ಪೆ ಬಡಿಯುವುದರೊಳಗೆ ಚಿತ್ರ ಬದಲು. ಆ ಹುಡುಗಿ ಕುಣಿದಳೋ, ಸುಮ್ಮನೆ ನಿಂತಿದ್ದಳೋ ಹೇಳಲು ಬರುವುದಿಲ್ಲ. ಅದೂ ಕೈಚಳಕವೇ, ಆದರೆ ಹಸಿರು ಪರದೆ ಬೇಡದ, ಬರಿಯ ಕತ್ತರಿಯ ಕೈಚಳಕ. ನಮಗೆ ವಿಶೇಷವೆಂದು ತೋರುವುದಿಲ್ಲವಾದ್ದರಿಂದ ಬಯ್ಯಲೂ ಹೋಗುವುದಿಲ್ಲ. ಸಂಜೆ ಕಾಯಿಪಲ್ಯೆ ಹೆಚ್ಚುತ್ತ ಕೂತು ನೋಡುತ್ತೇವೆ. ನನ್ನ ಮನೆಯಲ್ಲಿ ಈಗ ಒಂದೇ ಪರೀಕ್ಷೆ. ಕುಣಿಯುವವಳ ಪಾದ ಕಾಣುತ್ತದೆಯೆ? ಮೂರು ಹೆಜ್ಜೆಯಾದರೂ ಕತ್ತರಿಸದೆ ತೋರಿಸುತ್ತಾರೆಯೆ? ಇಲ್ಲವಾದರೆ ಚಾನೆಲ್ ಬದಲು.

ಹೆಣ್ಣು ಜನರ ಮುಂದೆ ಕುಣಿಯುವುದು ನಮ್ಮ ಸೀಮೆಯ ರೀತಿಯಲ್ಲ ಎನ್ನುವವರು ಶ್ರೀಕೃಷ್ಣ ಪಾರಿಜಾತವನ್ನು ಮರೆತಿದ್ದಾರೆ. ಕುಲಗೋಡ ತಮ್ಮಣ್ಣನ ಪಾರಿಜಾತದಲ್ಲಿ ಹೆಣ್ಣುವೇಷವನ್ನೂ ಗಂಡಸರೇ ಹಾಕುತ್ತಿದ್ದರು. ಅಲ್ಲಿಗೆ ಹೆಣ್ಣಾಗಿಯೇ ಇಳಿದು ಹೆಸರು ಮಾಡಿದವರು ಕೌಜಲಗಿ ನಿಂಗಮ್ಮ. ಕೌಜಲಗಿಯೇನು ಕಾಶಿಯಾಚೆ ಇದೆಯೆ? ನಮ್ಮದೇ ಜಿಲ್ಲೆ. ನಿಂಗಮ್ಮನ ಹೆಸರು ಹೇಳಿ ಭಾಷಣ ಮಾಡುವಾಗ ಎದೆ ಉಬ್ಬುತ್ತದೆ, ನಮ್ಮ ಮನೆಯ ಹುಡುಗಿ ಹೆಜ್ಜೆ ಹಾಕಿದರೆ ಎದೆ ಒಡೆಯುತ್ತದೆ.

ಇಷ್ಟು ಕಾದು ಕಾಪಾಡಿ ನಾವು ಸಾಧಿಸಿದ್ದೇನು? ಹೋದ ವರ್ಷ ಹತ್ತನೆಯ ವರ್ಗದ ಹುಡುಗಿಯೊಬ್ಬಳ ರೀಲ್ ನನ್ನ ಕಣ್ಣಿಗೆ ಬಿತ್ತು. ಅದೇ ಡಾಲ್ಬಿಯ ಹಾಡು, ಹಿತ್ತಲಿನ ಬಚ್ಚಲ ಗೋಡೆಯ ಮುಂದೆ ಕುಣಿತ. ಮುಖದ ಮೇಲೆ ಒಂದು ಕೆಂಪು ಹೃದಯದ ಚಿತ್ರ ಅಂಟಿಸಿದ್ದಾಳೆ. ಅವಳು ಎತ್ತ ಹೊರಳಿದರೂ ಆ ಹೃದಯವೂ ಹೊರಳುತ್ತದೆ. ಬಹಳ ಚೆನ್ನಾಗಿ ಕುಣಿಯುತ್ತಾಳೆ. ಯಾಕವ್ವ ಮುಖ ಮುಚ್ಚಿಕೊಂಡಿ ಎಂದು ಬದಿಗೆ ಕರೆದು ಕೇಳಿದರೆ, "ಕಾಕಾ ನೋಡಿದ್ರ ಹೊಡೀತಾನ್ರಿ" ಎಂದಳು. ಪ್ರಭುದೇವ ಮುಖ ಮಾಯ ಮಾಡಿದ್ದು ಜನ ಬೆರಗಾಗಲಿ ಎಂದು. ಇವಳು ಮಾಯ ಮಾಡಿದ್ದು ಏಟಿನ ಹೆದರಿಕೆಗೆ. ಯಂತ್ರ ಅದೇ ಜಾತಿಯದು. ಅಪರಿಚಿತರು ಸಾವಿರ ಜನ ಅವಳನ್ನು ಕಂಡಿದ್ದಾರೆ, ಶಾಲೆಯ ಅಂಗಳದಲ್ಲಿ ಅವ್ವನ ಕಣ್ಣೆದುರಿಗೆ ಕುಣಿಯಲು ಮಾತ್ರ ಪರವಾನಗಿ ಇಲ್ಲ!

ಈ ಸಲದ ಯಾದಿಯಲ್ಲಿ 'ತುನಕ್ ತುನಕ್' ಬರೆದಿದ್ದೇನೆ. ನಾಲ್ವರು ಹುಡುಗಿಯರು, ನಾಲ್ಕು ಬಣ್ಣ. ಹಿರಿಯರು ಬಂದು ಬೆರಳಿಟ್ಟು ಕೇಳಿದರು. "ಕುಣಸ್ತೇನ್ರಿ" ಎಂದೆ. "ನಿಮ್ಮ ಗಣಪತಿ ಮುಂದ ಹಚ್ಚಿದ ಹಾಡಿನ ಮಾತು ಒಂದ ಹಾಳ್ಯಾಗ ಬರದ ಕೊಡ್ರಿ, ಎರಡೂ ಹಾಡ ನೋಟಿಸ್ ಬೋರ್ಡಿಗೆ ಹಚ್ಚೂಣು, ಮಂದಿ ಓದಲಿ." ಅವರು ಟೊಪ್ಪಿಗೆ ಸರಿಮಾಡಿಕೊಂಡು, ಚಹಾ ಕುಡಿಯದೆ ಎದ್ದು ಹೋದರು.

ಹಿರಿಯರನ್ನು ಗೆದ್ದೆ ಎಂದುಕೊಂಡರೆ ಮರುದಿನ ಇಬ್ಬರು ತಾಯಂದಿರು ಬಂದು ಮಕ್ಕಳ ಹೆಸರು ತೆಗೆಸಿದರು. "ನೀವು ಹೇಳೂದು ಖರೇ ಐತ್ರಿ ಅಕ್ಕೋರ, ಆದ್ರ ನಮ್ಮ ಮನ್ಯಾಗ ತಿಳಿಯೂದಿಲ್ರಿ" ಎಂದು ಸೆರಗು ಹೊದ್ದುಕೊಂಡು ಹೋದರು. ಈಗ ಇಬ್ಬರು ಉಳಿದಿದ್ದಾರೆ. ತಂಗಿಯ ಮಗ, "ಚಿಂತಿ ಮಾಡಬ್ಯಾಡ ದೊಡ್ಡವ್ವ, ಪರದೆ ಹಾಕಿ ಇಬ್ಬರನ್ನ ನಾಲ್ಕು ಮಾಡಿ ತೋರಸೂಣು" ಎನ್ನುತ್ತಾನೆ. ಬೇಡ ಎಂದಿದ್ದೇನೆ. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಆ ಎರಡೂ ಮನೆಗೆ ಇನ್ನೊಮ್ಮೆ ಹೋಗಿ ಬರುತ್ತೇನೆ, ಮೊಬೈಲ್ ತೆಗೆದುಕೊಂಡು.