ಶಾಲು ಹಾರ ಸಾಕು, ಶಾಲೆಗೊಂದು ದತ್ತಿ ಇಡೋಣ

ಮೇ ತಿಂಗಳು ಬಂತೆಂದರೆ ನಮ್ಮಂಥ ತಾಲ್ಲೂಕು ವರದಿಗಾರರ ವಾಟ್ಸ್ಆ್ಯಪ್‌ಗೆ ಒಂದೇ ನಮೂನೆಯ ಸುದ್ದಿ ಬರುತ್ತದೆ: ಇಪ್ಪತ್ತು ವರ್ಷಗಳ ನಂತರ ಒಂದಾದ ಗೆಳೆಯರು, ಗುರುಗಳಿಗೆ ವಂದನೆ. ಔರಾದ್ ಕಡೆಯ ಹಳ್ಳಿಗಳಿಂದ ಹೈದರಾಬಾದ್, ಪುಣೆಗೆ ದುಡಿಯಲು ಹೋದವರು ಊರಿಗೆ ಬಂದು, ತಾವು ಓದಿದ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸುತ್ತಾರೆ. ಮಾಸ್ತರರಿಗೆ ಶಾಲು ಹೊದಿಸಿ, ಎಲ್ಲರಿಗೂ ಊಟ ಹಾಕಿಸುತ್ತಾರೆ. ಹೋಗುವಾಗ ಎರಡು ಫ್ಯಾನು, ಒಂದು ಅಲ್ಮಾರಿ ಕೊಡುತ್ತಾರೆ. ಅದರ ಮೇಲೆ ಬ್ಯಾಚಿನ ಹೆಸರು. ‘ಸರ್, ಹೆಸರು ಕಾಣೋ ಹಂಗ ಫೋಟೊ ತೆಗೀರಿ’ ಅಂತಾರೆ. ನಾವೂ ತೆಗೆದು ಕಳಿಸುತ್ತೇವೆ.

ಇದನ್ನು ಹಗುರ ಮಾಡುವ ಮನಸ್ಸು ನಮಗಿಲ್ಲ. ಕಲಿಸಿದವರನ್ನು ನೆನೆಯುವುದು ದೊಡ್ಡ ಗುಣ. ಆದರೆ ಮೇ ಮುಗಿದು ಜೂನ್ ಬರುತ್ತದೆ. ಅದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ ಪಿಯುಸಿಗೆ ಭಾಲ್ಕಿಗೋ ಬೀದರ್‌ಗೋ ಹೋಗಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳ ಬಸ್ಸಿನ ಖರ್ಚು ತಪ್ಪಿದೆ, ಖರೆ. ಹಾಸ್ಟೆಲಿನಲ್ಲಿ ಸೀಟು ಸಿಗದಿದ್ದರೆ ರೂಮಿನ ಬಾಡಿಗೆ, ಪ್ರವೇಶ ಶುಲ್ಕ, ಪುಸ್ತಕ ಯಾರು ಕೊಡಬೇಕು? ಅಲ್ಮಾರಿ ಕೊಡುವುದಿಲ್ಲ. ಆರೇಳು ಸಾವಿರ ರೂಪಾಯಿಗೆ ಓದು ನಿಂತ ಮಕ್ಕಳನ್ನು ನಾವು ಕಂಡಿದ್ದೇವೆ. ಅವರ ಸುದ್ದಿಯನ್ನು ಯಾರೂ ವಾಟ್ಸ್ಆ್ಯಪ್ ಮಾಡುವುದಿಲ್ಲ.

ಇದಕ್ಕೆ ಹಳೆಯ ಉಪಾಯವೊಂದಿದೆ. ಅದು ದತ್ತಿ ನಿಧಿ. ಹಣವನ್ನು ಬ್ಯಾಂಕಿನಲ್ಲಿಟ್ಟು ಅಸಲು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸುವುದು. ವಿದೇಶದ ದೊಡ್ಡ ವಿಶ್ವವಿದ್ಯಾಲಯಗಳು, ಶ್ರೀಮಂತ ಅಂತರರಾಷ್ಟ್ರೀಯ ಶಾಲೆಗಳು ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಒಂದು ದಾರಿಯೂ ಇದೇ. ಒಂದೊಂದು ನಿಧಿಗೆ ಒಬ್ಬೊಬ್ಬರ ಹೆಸರು, ಒಂದೊಂದು ಉದ್ದೇಶ.

ನಮಗೆ ಇದು ಹೊಸದೇನಲ್ಲ. ಬೀದರಿನ ನಡುವೆ ನಿಂತಿರುವ ಮಹಮೂದ್ ಗವಾನ್ ಮದರಸಾ ಆ ಕಾಲದ ಅಂತರರಾಷ್ಟ್ರೀಯ ಶಾಲೆ. ಇರಾನಿನ ಗಿಲಾನ್‌ನಿಂದ ಬಂದ ಗವಾನ್ 1472ರಲ್ಲಿ ಕಟ್ಟಿಸಿದ್ದು. ದೂರದೇಶದ ವಿದ್ವಾಂಸರಿಗೆ ಮನೆ, ವಿದ್ಯಾರ್ಥಿಗಳಿಗೆ ಕೋಣೆ, ಗ್ರಂಥಾಲಯ ಎಲ್ಲವೂ ಅಲ್ಲಿದ್ದವು. 1481ರಲ್ಲಿ ಸುಲ್ತಾನ ಅವನನ್ನು ಕೊಲ್ಲಿಸಿದ. ಹೆಸರು ಇನ್ನೂ ಉಳಿದಿದೆ. ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟಿದ್ದರು. ಆ ಟ್ರಸ್ಟಿನ ನೆರವಿನಿಂದ ತಲೆಮಾರುಗಳೇ ಓದಿದವು. ನಮ್ಮ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಬಳಿ ದೇಸಗತಿ ಇರಲಿಲ್ಲ, ಜೋಳಿಗೆ ಇತ್ತು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಆ ಜೋಳಿಗೆಯ ಬಲದಿಂದ.

ಆದರೆ ನಮ್ಮಲ್ಲಿ ಇಂದು ಇರುವ ಬಹಳಷ್ಟು ದತ್ತಿಗಳು ಸೊರಗಿವೆ. ಡಿಪ್ಲೊಮಾ ಮುಗಿಸಿದಾಗ ನಮಗೂ ದತ್ತಿ ಬಹುಮಾನವೊಂದು ಬಂದಿತ್ತು: 250 ರೂಪಾಯಿ ಚೆಕ್. ಅದನ್ನು ತರಲು ಹೋಗಿಬರುವ ಖರ್ಚೇ ಅದಕ್ಕಿಂತ ಹೆಚ್ಚಾಯಿತು. ದಾನಿಯ ತಪ್ಪಲ್ಲ. 1995ರಲ್ಲಿ ಹತ್ತು ಸಾವಿರ ಅಂದರೆ ದೊಡ್ಡ ಮೊತ್ತವೇ. ಶೇ 7ರಂತೆ ಲೆಕ್ಕ ಹಾಕಿದರೂ ಅದರ ಬಡ್ಡಿ ವರ್ಷಕ್ಕೆ 700 ರೂಪಾಯಿ. ಬೆಲೆ ಏರಿತು, ಅಸಲು ಏರಲಿಲ್ಲ. ಮೇಲಾಗಿ ಹೆಚ್ಚಿನ ದತ್ತಿಗಳು ಮೊದಲ ರ್‍ಯಾಂಕಿನವರಿಗೇ ಮೀಸಲು. ಓದು ಬಿಡುವ ಅಂಚಿನಲ್ಲಿರುವ ಮಗುವಿಗೆ ಅದು ದಕ್ಕುವುದಿಲ್ಲ.

ಹಾಗಾಗಿ ಮುಂದಿನ ಸಲ ಸೇರುವ ಗೆಳೆಯರಿಗೆ ನಮ್ಮದೊಂದು ಲೆಕ್ಕ. ನಲವತ್ತು ಮಂದಿ ತಲಾ ಐದು ಸಾವಿರ ಹಾಕಿದರೆ ಎರಡು ಲಕ್ಷ. ಶೇ 7ರಂತೆ ವರ್ಷಕ್ಕೆ ಬಡ್ಡಿ 14,000. ಅದರಲ್ಲಿ 4,000 ಅಸಲಿಗೆ ಸೇರಿಸಿ. ಇಲ್ಲದಿದ್ದರೆ ಇದೂ ನಮ್ಮ 250 ರೂಪಾಯಿಯ ದಾರಿ ಹಿಡಿಯುತ್ತದೆ. ಉಳಿದ 10,000ದಲ್ಲಿ ಪ್ರತಿ ವರ್ಷ ಇಬ್ಬರು ಮಕ್ಕಳು ಪಿಯುಸಿ ಮೆಟ್ಟಿಲು ಹತ್ತುತ್ತಾರೆ. ಹಣ ಒಬ್ಬರ ಖಾತೆಯಲ್ಲಿ ಬೇಡ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿಯವರು, ಬ್ಯಾಚಿನ ಒಬ್ಬರು ಕೂಡಿ ಜಂಟಿ ಖಾತೆ ತೆರೆಯಲಿ. ಆಗಸ್ಟ್ 15ರಂದು ಧ್ವಜ ಹಾರಿಸಿದ ಮೇಲೆ ಎಲ್ಲರೆದುರು ಲೆಕ್ಕ ಓದಲಿ. ಹೆಸರು ಬ್ಯಾಚಿನದೇ ಇರಲಿ, ತೀರಿಕೊಂಡ ಮಾಸ್ತರರದೂ ಆಗಬಹುದು. ನೆರವು ಪಡೆದ ಮಗುವಿನ ಫೋಟೊ ಮಾತ್ರ ಬೇಡ.

‘ಇದು ಸರ್ಕಾರದ ಕೆಲಸವಲ್ಲವೇ’ ಎಂದು ಕೇಳಬಹುದು. ಹೌದು, ಸರ್ಕಾರದ್ದೇ. 2002ರ ನಂಜುಂಡಪ್ಪ ವರದಿ ಔರಾದ್, ಭಾಲ್ಕಿಯನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟಿತು. ಮುಂದೆ 371(ಜೆ) ಬಂತು, ಮಂಡಳಿಯ ಅನುದಾನ ಬಂತು. ಕೋಣೆ, ಕಾಂಪೌಂಡು, ಶಿಕ್ಷಕರ ನೇಮಕಾತಿಗಾಗಿ ನಾವು ಕೇಳುತ್ತಲೇ ಇರಬೇಕು, ಬರೆಯುತ್ತಲೇ ಇರಬೇಕು. ದತ್ತಿ ಅದಕ್ಕೆ ಬದಲಿಯಲ್ಲ. ಆದರೆ ಸರ್ಕಾರದ ಸ್ಕಾಲರ್‌ಶಿಪ್ ಬರುವುದು ಅದರದೇ ಹೊತ್ತಿಗೆ, ಶುಲ್ಕ ಕಟ್ಟುವ ಕೊನೆಯ ದಿನ ಬರುವುದು ಜೂನ್‌ನಲ್ಲಿ. ಆ ನಡುವಿನ ತಿಂಗಳುಗಳಲ್ಲೇ ಮಗು ಅಪ್ಪನ ಜೊತೆ ಹೈದರಾಬಾದ್ ಬಸ್ಸು ಹತ್ತುವುದು.

ಶಾಮಿಯಾನ ಸಣ್ಣದಿರಲಿ, ಊಟ ಅನ್ನ-ಸಾರಿನದೇ ಆಗಲಿ. ಉಳಿದದ್ದನ್ನು ಬ್ಯಾಂಕಿಗೆ ಹಾಕಿ ಪಾಸ್‌ಬುಕ್ ಮಾಸ್ತರರ ಕೈಗಿಡಿ. ಆ ಫೋಟೊ ತೆಗೆಯಲು ನಾವು ಕರೆಯದೆಯೂ ಬರುತ್ತೇವೆ.