ಫ್ಲೆಕ್ಸ್‌ಗೆ ಮೊದಲು ಬಿಲ್ ಪುಸ್ತಕ

ಗಣೇಶೋತ್ಸವ ಹತ್ತಿರವಾದಂತೆ ಬೆಳಗಾವಿಯ ಗಲ್ಲಿ ಗಲ್ಲಿಯಲ್ಲಿ ಶುಭಾಶಯದ ಫ್ಲೆಕ್ಸ್‌ಗಳು ಏಳುತ್ತವೆ. ಅವುಗಳ ತಳದಲ್ಲಿ ಗ್ಯಾರೇಜು, ಎಸಿ ರಿಪೇರಿ, ಕೇಟರಿಂಗ್, ಟ್ಯೂಷನ್ ಕ್ಲಾಸು, ಬ್ಯೂಟಿ ಪಾರ್ಲರುಗಳ ಹೆಸರುಗಳು ಸಾಲುಗಟ್ಟಿರುತ್ತವೆ. ರಾಜ್ಯೋತ್ಸವಕ್ಕೆ ಮತ್ತೊಂದು ಸುತ್ತು. ಹಣ ಕೊಟ್ಟವರು ಇದನ್ನು ಪಬ್ಲಿಸಿಟಿ ಖರ್ಚು ಎಂದು ಬರೆದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಅದು ಪಟ್ಟಿ, ಓಣಿಯ ಹುಡುಗರ ಜೊತೆ ಚೆನ್ನಾಗಿರಲು ಕೊಡುವ ಹಣ. ಕೊಡಲಿ, ಊರಲ್ಲಿ ಬಾಳುವವರು ಕೊಡಬೇಕಾದದ್ದೇ. ಆದರೆ ಅಷ್ಟಕ್ಕೇ ವರ್ಷದ ಮಾರ್ಕೆಟಿಂಗ್ ಮುಗಿಯಿತೆಂದು ತಿಳಿದರೆ ವ್ಯಾಪಾರ ಕೈಕೊಡುತ್ತದೆ. ಸಣ್ಣ ಸೇವಾ ವ್ಯಾಪಾರದಲ್ಲಿ ಗಿರಾಕಿಯನ್ನು ತಡೆಯುವುದು ಹೆಚ್ಚಾಗಿ ಅನುಮಾನ. ‘ಇವರ ಹೆಸರು ಕೇಳಿಲ್ಲ’ ಎನ್ನುವವರಿಗಿಂತ ‘ಇವರು ಎಷ್ಟು ಕೀಳುತ್ತಾರೋ’ ಎಂದು ಹಿಂಜರಿಯುವವರೇ ಜಾಸ್ತಿ. ಆ ಅನುಮಾನವನ್ನು ಇಳಿಸುವ ಪ್ರತಿಯೊಂದು ತೀರ್ಮಾನವೂ ಮಾರ್ಕೆಟಿಂಗೇ, ಮತ್ತು ಅದರ ಬಹುಪಾಲಿಗೆ ಕಾಸಿನ ಖರ್ಚಿಲ್ಲ.

ಇದಕ್ಕೆ ಕಾರಣ ಸೇವೆಯ ಸ್ವಭಾವದಲ್ಲೇ ಇದೆ. ಕುಂದಾ ಕೊಳ್ಳುವವರು ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಬಹುದು. ಸುಟ್ಟ ಪಂಪಿನ ಮೋಟಾರನ್ನು ರಿವೈಂಡಿಂಗ್ ಅಂಗಡಿಗೆ ಹೊತ್ತು ತಂದ ರೈತನಿಗೆ ಆ ಅನುಕೂಲವಿಲ್ಲ. ವೈಂಡಿಂಗ್ ಪೂರ್ತಿ ಹೋಗಿತ್ತೋ, ಬರೀ ಬೇರಿಂಗ್ ಹೋಗಿತ್ತೋ, ಹಾಕಿದ ತಂತಿ ಎಂಥದ್ದೋ, ಮೋಟಾರು ಓಡತೊಡಗಿದ ಮೇಲೂ ಅವನಿಗೆ ತಿಳಿಯುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ 1973ರ ಪ್ರಬಂಧದಲ್ಲಿ ಇಂಥ ಸೇವೆಗಳನ್ನೇ ಬೇರೆ ಗುಂಪಾಗಿ ವಿಂಗಡಿಸಿದರು. ಬಳಸಿದ ಮೇಲೂ ಗುಣ ಅಳೆಯಲಾಗದ, ನಂಬಿಕೆಯ ಮೇಲಷ್ಟೇ ಕೊಳ್ಳುವ ಸೇವೆಗಳು ಇವು. ರೋಗ ಯಾವುದೆಂದು ಹೇಳುವವರೂ ಮದ್ದು ಮಾರುವವರೂ ಒಬ್ಬರೇ ಆದಾಗ ಗಿರಾಕಿಗೆ ಸಂಶಯ ಸಹಜ. ಈಗ ಆ ರೈತ ನಿಂತ ಕಟ್ಟೆಯ ಹತ್ತಿರ ಹೋಗಿ ನೋಡೋಣ. ಮೋಟಾರಿನಿಂದ ಬಿಚ್ಚಿದ ಹಳೆ ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ. ಅದು ಯಾರಿಗೆ ಸೇರಿದ್ದೆಂಬ ಮಾತೇ ಸಾಮಾನ್ಯವಾಗಿ ಏಳುವುದಿಲ್ಲ, ಅಂಗಡಿಯ ಮೂಲೆಗೆ ಸೇರುತ್ತದೆ. ಅದನ್ನು ಗಿರಾಕಿಯ ಎದುರೇ ತಕ್ಕಡಿಗೆ ಹಾಕಿ, ತೂಕವನ್ನು ಬಿಲ್ಲಿನಲ್ಲಿ ಬರೆದು, ಬೆಲೆಯನ್ನು ಮಜೂರಿಯಲ್ಲಿ ಕಳೆದು ತೋರಿಸುವ ಅಂಗಡಿಯವನು ಆ ಹೊತ್ತಿಗೆ ಕೆಲವು ನೂರು ರೂಪಾಯಿ ಬಿಟ್ಟುಕೊಟ್ಟಿರಬಹುದು. ಆದರೆ ರೈತ ಊರಿಗೆ ಹೋಗಿ ಮೊದಲು ಹೇಳುವುದು ಆ ತಕ್ಕಡಿಯ ಸುದ್ದಿಯನ್ನೇ.

ಕಣ್ಣಿಗೆ ಬೀಳುವುದಕ್ಕೂ ನಂಬಿಕೆಗೂ ಇರುವ ಅಂತರಕ್ಕೆ ಬೆಳಗಾವಿಯ ಇತಿಹಾಸದಲ್ಲೇ ಒಂದು ಸಾಕ್ಷಿಯಿದೆ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಣ್ಣನ ಜೊತೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಮಾರಾಟ ಮತ್ತು ರಿಪೇರಿಯಿಂದ ವ್ಯವಹಾರ ಶುರು ಮಾಡಿದರು. ಕಿರ್ಲೋಸ್ಕರ್ ಸಂಸ್ಥೆ ತನ್ನ ವಯಸ್ಸನ್ನು 1888ರಿಂದ ಎಣಿಸುತ್ತದೆ. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಬಂದವು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಅವರ ಜೀವನಕಥೆ ಹೇಳುತ್ತದೆ. ಕಬ್ಬಿಣ ತಗುಲಿದರೆ ನೆಲಕ್ಕೆ ವಿಷವೇರುತ್ತದೆ ಎಂಬುದು ರೈತರ ಅಂಜಿಕೆಯಾಗಿತ್ತು. ನೇಗಿಲು ಅವರ ಕಣ್ಣಿಗೆ ಬಿದ್ದಿತ್ತು, ಅಂಜಿಕೆ ಹೋಗಿರಲಿಲ್ಲ. ಅದನ್ನು ಹೋಗಲಾಡಿಸುವ ಕೆಲಸ ಯಾವ ಬೋರ್ಡಿನಿಂದಲೂ ಆಗುವಂಥದ್ದಲ್ಲ. ಪುರಸಭೆ ಜಾಗ ತೆರವು ಮಾಡಲು ಹೇಳಿದಾಗ ಅವರು ಬೆಳಗಾವಿ ಬಿಟ್ಟು, 1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರ್‌ವಾಡಿ ಕಟ್ಟಿದರು. 1920ರಲ್ಲಿ ಅಲ್ಲಿಂದ ಹೊರಟ ‘ಕಿರ್ಲೋಸ್ಕರ್ ಖಬರ್’ ಮೊದಲಿಗೆ ಕಾರ್ಖಾನೆಯ ಸುದ್ದಿಪತ್ರವಾಗಿತ್ತು, ಬೆಳೆದು ಮರಾಠಿಯ ಹೆಸರಾಂತ ಮಾಸಿಕವಾಯಿತು. ಕೊಂಡವರ ಜೊತೆ ಮಾತು ನಿಲ್ಲಿಸಬಾರದೆಂಬ ತೀರ್ಮಾನವನ್ನು ಬೆಳಗಾವಿಯಿಂದ ಹೋದವರು ನೂರು ವರ್ಷದ ಹಿಂದೆಯೇ ಮಾಡಿದ್ದರು. ಈಗ ಅದನ್ನು ವಾಟ್ಸ್ಆ್ಯಪ್‌ನಲ್ಲಿ ಪುಕ್ಕಟೆಯಾಗಿ ಮಾಡಬಹುದು. ನಾವು ಮಾಡುತ್ತಿರುವುದು ಹಬ್ಬದ ಶುಭಾಶಯದ ಚಿತ್ರ ಕಳಿಸುವುದನ್ನು ಮಾತ್ರ.

ಖಾನಾಪುರಕ್ಕೆ ಬಂದರೆ ಲೆಕ್ಕ ಇನ್ನೂ ಬಿಗಿ. ಬೆಳಗಾವಿಯಿಂದ ಸುಮಾರು 26 ಕಿ.ಮೀ. ದೂರದ ಈ ಪೇಟೆಗೆ ನಂದಗಡ, ಜಾಂಬೋಟಿ, ಕಣಕುಂಬಿ ಕಡೆಯ ಹಳ್ಳಿಗಳಿಂದ ಜನ ಬರುತ್ತಾರೆ. ಮಲಪ್ರಭೆ ಹುಟ್ಟುವ ಆ ಕಾಡಂಚಿನಲ್ಲಿ ಮಳೆಗಾಲದ ಓಡಾಟವೇ ಒಂದು ಸಾಹಸ. ಅಂಥವರಿಗೆ ‘ನಾಳೆ ಬನ್ನಿ’ ಅಂದರೆ ಒಂದು ದಿನದ ಕೂಲಿ ಹೋದಂತೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಬೆಳಗಾವಿಗೆ ಹೋಗಲು ಟಿಕೆಟ್ ಖರ್ಚಿಲ್ಲ. ಅಂದರೆ ಖಾನಾಪುರದ ಬ್ಲೌಸ್ ಟೇಲರ್‌ಗೆ ಎದುರಾಳಿ ಈಗ ಪಕ್ಕದ ಅಂಗಡಿಯವರಷ್ಟೇ ಅಲ್ಲ, ಬೆಳಗಾವಿಯ ಶಹಾಪುರದ ಟೇಲರ್ ಕೂಡ. ಇಂಥ ಹೊತ್ತಿನಲ್ಲಿ ಮೊದಲು ಹೊಳೆಯುವ ಉಪಾಯ ಹೊಲಿಗೆಯ ದರ ಇಳಿಸುವುದು. ಅದು ಕೆಟ್ಟ ಉಪಾಯ, ಯಾಕೆಂದರೆ ದೊಡ್ಡ ಪೇಟೆಯವರು ಇನ್ನೂ ಇಳಿಸಬಲ್ಲರು. ಊರಿನ ಟೇಲರ್ ಕೊಡಬಲ್ಲದ್ದು, ಪೇಟೆಯವರಿಗೆ ಕಷ್ಟವಾದದ್ದು ಬೇರೆಯೇ ಇದೆ. ಹೇಳಿದ ದಿನ ಬಟ್ಟೆ ಕೊಡುವುದು, ತೋಳು ಬಿಗಿಯಾದರೆ ಗಿರಾಕಿ ನಿಂತಿರುವಾಗಲೇ ಬಿಚ್ಚಿ ಸರಿಪಡಿಸುವುದು, ಮದುವೆ ಸೀಸನ್ನಿನಲ್ಲಿ ಹೊಲಿಯಲಾಗದಷ್ಟು ಬಟ್ಟೆ ಒಪ್ಪಿಕೊಳ್ಳದಿರುವುದು. ಈ ಮೂರನೆಯದು ಎಲ್ಲಕ್ಕಿಂತ ಕಷ್ಟ. ಬಂದ ಕೆಲಸಕ್ಕೆ ಇಲ್ಲ ಅನ್ನಬೇಕು.

ಹಾಗಾದರೆ ತೀರ್ಮಾನ ಮಾಡುವುದು ಯಾವ ಆಧಾರದ ಮೇಲೆ? ಬಹಳ ಕಡೆ ಪಕ್ಕದವರನ್ನು ನೋಡಿ. ಅವರು ಹೋರ್ಡಿಂಗ್ ಹಾಕಿದರೆ ಇವರೂ, ಅವರು ಆಫರ್ ಬಿಟ್ಟರೆ ಇವರೂ. ಒಂದು ಗುಣಾಕಾರ ಸಾಕು: ಒಂದು ಜಾಹೀರಾತಿಗೆ 15,000 ರೂಪಾಯಿ, ಒಂದು ಕೆಲಸದಲ್ಲಿ ಉಳಿಯುವುದು 300 ರೂಪಾಯಿ ಎಂದಿಟ್ಟುಕೊಂಡರೆ, ಹಾಕಿದ ದುಡ್ಡು ಮರಳಲೇ 50 ಹೊಸ ಕೆಲಸ ಬೇಕು. ಬಂದವೋ ಇಲ್ಲವೋ ತಿಳಿಯಲು ಬಂದವರಿಗೆಲ್ಲ ‘ಯಾರು ಹೇಳಿದರು?’ ಎಂದು ಕೇಳಿ ಬಿಲ್ಲಿನ ಮೂಲೆಯಲ್ಲಿ ಗುರುತು ಹಾಕಬೇಕು. ಇಷ್ಟು ಮಾಡುವವರೇ ವಿರಳ. ಯುಪಿಐ ಬಂದ ಮೇಲೆ ಅರ್ಧ ಲೆಕ್ಕ ತಾನಾಗಿ ಬರೆದಿಟ್ಟಿರುತ್ತದೆ. ಯಾರು ಎರಡನೇ ಸಲ ಬಂದರು, ಯಾವ ತಿಂಗಳು ಬಿದ್ದುಹೋಯಿತು ಎಲ್ಲ ಮೊಬೈಲಿನಲ್ಲೇ ಇದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಫಲಕಗಳು ಮಾಯವಾದವು. ಭಯ ಅರ್ಥವಾಗುವಂಥದ್ದೇ. ಆದರೆ ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು, ಅದಕ್ಕಿಂತ ಕೆಳಗಿದ್ದವರೂ ಹೆದರಿ ತೆಗೆದಿದ್ದರೆ ಕಳೆದುಕೊಂಡದ್ದು ತಮ್ಮದೇ ಲೆಕ್ಕವನ್ನು.

ನಂಬಿಕೆ ಗಳಿಸುವುದೇ ಮಾರ್ಕೆಟಿಂಗ್ ಎಂಬ ಈ ವಾದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಬೆಳಗಾವಿ ಬರೀ ಹಳೆ ಪರಿಚಯಸ್ಥರ ಊರಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರಕ್ಕೆ, ವಿಟಿಯುಗೆ, ಕೆಎಲ್‌ಇ ಆಸ್ಪತ್ರೆಗೆ ಹೊರಗಿನವರು ಬರುತ್ತಲೇ ಇರುತ್ತಾರೆ. ಬಾಯಿಮಾತು ಅವರನ್ನು ಮುಟ್ಟುವುದಿಲ್ಲ. ಒಪ್ಪಬೇಕಾದ ಮಾತು. ಅವರು ಹುಡುಕುವುದು ಗೂಗಲ್ ಮ್ಯಾಪಿನಲ್ಲಿ, ಅಲ್ಲಿ ಅಂಗಡಿಯ ಹೆಸರು ಹಾಕಲು ದುಡ್ಡು ಬೇಕಿಲ್ಲ. ಸರಿಯಾದ ವೇಳೆ, ಎತ್ತುವ ಫೋನು, ನಿಜವಾದ ವಿಮರ್ಶೆ ಬೇಕು. ದುಡ್ಡು ಕೊಟ್ಟು ಬರೆಸಿದ ಐದು ಸ್ಟಾರಿನ ಹೊಗಳಿಕೆ ಮೊದಲ ಅನುಭವದಲ್ಲೇ ಬಯಲಾಗುತ್ತದೆ. ಜನ ಕೊನೆಗೆ ದರವನ್ನೇ ನೋಡುತ್ತಾರೆ ಎನ್ನುವುದು ಇನ್ನೊಂದು ವಾದ. ಗುಣ ಅಳೆಯಲು ಬೇರೇನೂ ಸಿಗದಾಗ ದರವನ್ನೇ ನೋಡುತ್ತಾರೆ, ನಿಜ. ಬೇರೇನಾದರೂ ತೋರಿಸುವುದು ಅಂಗಡಿಯವರ ಕೆಲಸ. ವಿಧಾನಮಂಡಲದ ಚಳಿಗಾಲದ ಅಧಿವೇಶನದ ಪ್ರಶ್ನೆ ಸ್ವಲ್ಪ ಬೇರೆ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದಾಗಿನಿಂದ ಡಿಸೆಂಬರ್ ಸುಮಾರಿಗೆ ಲಾಡ್ಜು, ಟ್ಯಾಕ್ಸಿ, ಕೇಟರಿಂಗ್‌ನವರಿಗೆ ಸುಗ್ಗಿ. ದರ ಏರಿಸುವುದು ತಪ್ಪಲ್ಲ. ಆದರೆ ಆ ಎರಡು ವಾರಕ್ಕಾಗಿ ಹನ್ನೊಂದು ತಿಂಗಳ ಗಿರಾಕಿಯ ಬುಕಿಂಗ್ ಕೈಬಿಡುವವರು ಜನವರಿಯಲ್ಲಿ ಅದರ ಬೆಲೆ ತೆರುತ್ತಾರೆ.

ಕೊನೆಯದು ಕಾಗದದ ಮಾತು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಬಿಲ್ಲಿನ ಭಾಷೆಯ ಬಗ್ಗೆ ಅಂಥ ಗಲಾಟೆ ಏನೂ ಇಲ್ಲ. ಕನ್ನಡದಲ್ಲಿ ಬರೆದು, ಮರಾಠಿ ಗಿರಾಕಿ ಬಂದರೆ ಅವರ ಮಾತಿನಲ್ಲೇ ಓದಿ ಹೇಳುವ ಬಿಲ್ಲು ಈ ಗಡಿ ಊರಿನಲ್ಲಿ ಎಷ್ಟೋ ಜಗಳಗಳನ್ನು ತಪ್ಪಿಸೀತು. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಾಗಬಹುದೆಂಬುದು ಎಷ್ಟು ರಿಪೇರಿ ಅಂಗಡಿಗಳಿಗೆ ಗೊತ್ತು? ಬೆಳಗಾವಿಯ ವಾಣಿಜ್ಯ ಮತ್ತು ಕೈಗಾರಿಕಾ ಸಂಘ, ಖಾನಾಪುರದ ವರ್ತಕರು ಕೂಡಿ ಒಂದು ಸರಳ ನಮೂನೆ ಮಾಡಬಹುದು: ಏನು ಹಾಳಾಗಿತ್ತು, ಏನು ಬದಲಾಯಿಸಿದ್ದು, ಹಳೆ ಬಿಡಿಭಾಗ ಯಾರ ಕೈಗೆ ಹೋಯಿತು, ಗ್ಯಾರಂಟಿ ಎಷ್ಟು ದಿನ. ದರ ಮಾತ್ರ ಅವರವರೇ ಇಡಲಿ, ಎಲ್ಲರೂ ಕೂಡಿ ನಿಗದಿ ಮಾಡಿದರೆ ಸ್ಪರ್ಧಾ ಕಾಯ್ದೆಗೆ ವಿರುದ್ಧವಾಗುತ್ತದೆ. ಮುಂದಿನ ಹಬ್ಬದ ಫ್ಲೆಕ್ಸ್‌ಗೆ ಅಡ್ವಾನ್ಸ್ ಕೊಡುವ ಮೊದಲು ಅಂಗಡಿಯವರು ಈ ನಮೂನೆಯ ನೂರು ಹಾಳೆಗಳನ್ನು ಪ್ರಿಂಟ್ ಮಾಡಿಸಲಿ.